ರಾಕ್ಷಸನಿಗೆ ತೂಕ ಬೇಕು

ಗಣೇಶೋತ್ಸವದ ಕೊನೆಯ ಮೂರ್ನಾಲ್ಕು ರಾತ್ರಿ ಪುಣೆಯ ನಾರಾಯಣ ಪೇಠೆ, ಶುಕ್ರವಾರ ಪೇಠೆಗಳಲ್ಲಿ ನಾವು ನಡೆಯುವುದಿಲ್ಲ, ಜನ ತಳ್ಳಿದ ಕಡೆ ಹೋಗುತ್ತೇವೆ. ಹಾಗೆ ಹೋಗಿ ಒಂದು ಮಂಡಳದ ಚಪ್ಪರದ ಮುಂದೆ ಸಿಕ್ಕಿಕೊಂಡಿದ್ದೆ. ಪರದೆ ಸರಿಯಿತು. ಧ್ವನಿವರ್ಧಕದಲ್ಲಿ ಗಡಸು ದನಿಯ ಮರಾಠಿ ನಿರೂಪಣೆ. ಹದಿನೈದು ಅಡಿ ಉದ್ದದ ಕುಂಭಕರ್ಣ ಅಂಗಾತ ಮಲಗಿದ್ದಾನೆ. ಹೊಟ್ಟೆ ಏರುತ್ತಿದೆ, ಇಳಿಯುತ್ತಿದೆ. ಮೈಮೇಲೆ ಗೇಣುದ್ದದ ರಾಕ್ಷಸರು ನಗಾರಿ ಬಡಿಯುತ್ತ, ಒನಕೆಯಿಂದ ತಿವಿಯುತ್ತಿದ್ದಾರೆ. ಕೊನೆಗೆ ಎದ್ದ. ನಿಧಾನವಾಗಿ, ಕಿರ್ರೆನ್ನುತ್ತ ಎದ್ದ. ಅರ್ಧಕ್ಕೆ ಒಮ್ಮೆ ನಿಂತು, ಮತ್ತೆ ಜಗ್ಗಿಕೊಂಡು ಎದ್ದ. ನನ್ನ ಪಕ್ಕ ಅಪ್ಪನ ಹೆಗಲ ಮೇಲಿದ್ದ ಹುಡುಗಿ ಎರಡೂ ಕೈಯಿಂದ ಅಪ್ಪನ ಕೂದಲು ಹಿಡಿದುಕೊಂಡಳು.

ಇವಕ್ಕೆ ಇಲ್ಲಿಯ ಹೆಸರು 'ಹಲತೆ ದೇಖಾವೆ', ಚಲಿಸುವ ದೃಶ್ಯಗಳು. ಪರದೆಯ ಹಿಂದೆ ಇಣುಕಿದರೆ ಕಂಡದ್ದು ಒಂದು ಮೋಟಾರ್, ಸೈಕಲ್ ಚೈನು, ರಾಟೆ, ಹಗ್ಗದ ತುದಿಗೆ ಮರಳಿನ ಚೀಲ. ಪ್ಲಾಸ್ಟಿಕ್ ಕುರ್ಚಿಯ ಮೇಲೆ ಕೂತ ಹುಡುಗನೊಬ್ಬನ ಒಂದು ಕೈಯಲ್ಲಿ ಚಹಾ, ಇನ್ನೊಂದು ಕೈಯಲ್ಲಿ ಸ್ವಿಚ್ಚು. ಕುಂಭಕರ್ಣ ಅರ್ಧಕ್ಕೆ ಯಾಕೆ ನಿಲ್ಲುತ್ತಾನೆ ಎಂದು ಕೇಳಿದೆ. "ಭಾರ ಜಾಸ್ತಿ ಆಯ್ತು ಕಾಕಾ, ಮೋಟಾರ್ ಎಳೆಯಲ್ಲ" ಎಂದ.

ಅದೇ ವಾರ ಮನೆಯಲ್ಲಿ ಮಗನ ಜೊತೆ ಕೂತು 'ಪೆಸಿಫಿಕ್ ರಿಮ್' ಚಿತ್ರದ ಎರಡನೆಯ ಭಾಗ ನೋಡಿದ್ದೆ. ಅದರಲ್ಲಿ ಯಾವ ಮೋಟಾರಿಗೂ ಭಾರ ಜಾಸ್ತಿಯಾಗಲಿಲ್ಲ. ಗಗನಚುಂಬಿ ಕಟ್ಟಡದಷ್ಟು ಎತ್ತರದ ಯಂತ್ರಮಾನವರು ಹಾಡುಹಗಲಲ್ಲಿ ಜಿಮ್ನಾಸ್ಟರಂತೆ ನೆಗೆದರು, ಊರೆಲ್ಲ ಪುಡಿಯಾಯಿತು. ಮಗ ಫೋನ್ ತೆಗೆದ.

ದೈತ್ಯ ರೋಬೋಟುಗಳ, ಮಹಾಮೃಗಗಳ ಸಿನಿಮಾ ಕುರಿತು ಮಾತು ಬಂದಾಗಲೆಲ್ಲ ಎರಡು ಪ್ರಶ್ನೆ ಏಳುತ್ತವೆ: ಇದರಲ್ಲಿ ಮಜಾ ಇದೆಯೇ? ಇದರಲ್ಲಿ ಹೊಸದೇನಿದೆ? ಮೊದಲನೆಯದು ನ್ಯಾಯವಾದ ಪ್ರಶ್ನೆ. ಎರಡನೆಯದನ್ನು ಸಾಮಾನ್ಯವಾಗಿ ತಪ್ಪಾಗಿ ಕೇಳಲಾಗುತ್ತದೆ. "ಇದು ಅದರ ನಕಲು" ಎಂದರೆ ವಿಮರ್ಶೆ ಮುಗಿಯಿತು ಎಂದುಕೊಳ್ಳುವವರು ನಮ್ಮ ಸಿನಿಮಾಸಕ್ತರ ಕೂಟಗಳಲ್ಲಿ ಬೇಕಾದಷ್ಟು ಸಿಗುತ್ತಾರೆ. ಈ ಪರಂಪರೆಯಲ್ಲಿ ನಕಲು ಅಲ್ಲದ್ದು ಯಾವುದು?

1954ರ 'ಗಾಡ್ಜಿಲಾ'ವನ್ನೇ ನೋಡಿ. ಅಣುಬಾಂಬಿನಿಂದ ಎಚ್ಚೆತ್ತು ಸಮುದ್ರದಿಂದ ಎದ್ದುಬರುವ ಮೃಗದ ಕತೆಯನ್ನು ಅಮೆರಿಕದವರು ಹಿಂದಿನ ವರ್ಷವೇ ತೆರೆಗೆ ತಂದಾಗಿತ್ತು. ಗಾಡ್ಜಿಲಾದ ದೃಶ್ಯತಂತ್ರ ರೂಪಿಸಿದ ಎಯಿಜಿ ತ್ಸುಬುರಾಯಾ 1933ರ 'ಕಿಂಗ್ ಕಾಂಗ್' ನೋಡಿ ಮರುಳಾದವರು. ಆದರೂ ಗಾಡ್ಜಿಲಾ ಬೇರೆಯೇ ಆಯಿತು. ಚಿತ್ರ ಬಂದ ವರ್ಷದ ಮಾರ್ಚ್‌ನಲ್ಲಿ ಬಿಕಿನಿ ದ್ವೀಪದ ಹೈಡ್ರೋಜನ್ ಬಾಂಬಿನ ಬೂದಿ ಜಪಾನಿನ ಮೀನುಗಾರರ ದೋಣಿಯೊಂದರ ಮೇಲೆ ಸುರಿದಿತ್ತು. ಸಿನಿಮಾ ಶುರುವಾಗುವುದೂ ಸಮುದ್ರದಲ್ಲಿ ಬೆಳಕೊಂದು ಹೊಳೆದು ದೋಣಿ ಮುಳುಗುವುದರಿಂದ. ಉರಿಯುವ ಟೋಕಿಯೋದಲ್ಲಿ ತಾಯಿಯೊಬ್ಬಳು ಮಕ್ಕಳನ್ನು ತಬ್ಬಿಕೊಂಡು, ಇನ್ನೇನು ಅಪ್ಪನ ಹತ್ತಿರ ಹೋಗುತ್ತೇವೆ ಎನ್ನುತ್ತಾಳೆ. ಯುದ್ಧ ಮುಗಿದು ಒಂಬತ್ತೇ ವರ್ಷವಾಗಿದ್ದ ಊರಿನಲ್ಲಿ ಆ ಮಾತು ಯಾರಿಗೆ ತಿಳಿಯದು? ಮೃಗ ಸಾಲದ್ದು, ಭಯ ಸ್ವಂತದ್ದು.

ತಲೆಬರಹದಲ್ಲಿ ತೂಕ ಎಂದೆನಲ್ಲ, ಅದು ಬರೀ ಉಪಮೆಯಲ್ಲ. ರಬ್ಬರಿನ ವೇಷದೊಳಗೆ ಹರುವೊ ನಕಜಿಮಾ ಎಂಬ ನಟ ಬೆವರು ಸುರಿಸುತ್ತ ನಡೆಯುತ್ತಿದ್ದ; ಹೆಜ್ಜೆ ಎತ್ತುವುದೇ ಕಷ್ಟ. ಕ್ಯಾಮೆರಾವನ್ನು ವೇಗವಾಗಿ ಓಡಿಸಿ ಚಿತ್ರೀಕರಿಸಿ, ಮಾಮೂಲಿ ವೇಗದಲ್ಲಿ ತೋರಿಸಿದರು. ಆಗ ಮೊಣಕಾಲೆತ್ತರದ ಆಟಿಕೆ ಕಟ್ಟಡ ಕುಸಿದರೂ ಪರದೆಯ ಮೇಲೆ ನಿಧಾನವಾಗಿ, ಭಾರವಾಗಿ ಕುಸಿಯುತ್ತದೆ. ದೊಡ್ಡದು ನಿಧಾನವಾಗಿ ಬೀಳುತ್ತದೆ ಎಂಬುದು ನಮ್ಮ ಕಣ್ಣಿಗೆ ಗೊತ್ತು. ಇನ್ನು ಆ ಗರ್ಜನೆ: ಸಂಗೀತಗಾರ ಅಕಿರಾ ಇಫುಕುಬೆ ದೊಡ್ಡ ತಂತಿವಾದ್ಯವೊಂದರ ತಂತಿಯನ್ನು ಚರ್ಮದ ಕೈಗವಸಿನಿಂದ ಉಜ್ಜಿ ಹೊರಡಿಸಿದ್ದು.

ಕರಾವಳಿಯಲ್ಲಿ ಬೆಳೆದ ನನಗೆ ಇದು ಹೊಸ ವಿದ್ಯೆ ಅನ್ನಿಸಲಿಲ್ಲ. ಯಕ್ಷಗಾನದ ಬಣ್ಣದ ವೇಷ ಮಾಡುವುದೂ ಇದನ್ನೇ. ಅಕ್ಕಿಹಿಟ್ಟು, ಸುಣ್ಣ ಕಲಸಿ ಮುಖದ ಮೇಲೆ ಚುಟ್ಟಿ ಇಡಲು ಗಂಟೆಗಟ್ಟಲೆ ಬೇಕು. ದೇವೀಮಹಾತ್ಮೆಯ ಮಹಿಷಾಸುರ ಬಣ್ಣ ಹಚ್ಚಿಕೊಳ್ಳುವ ಚೌಕಿಯಿಂದ ನೇರ ರಂಗಕ್ಕೆ ಬರುವವನಲ್ಲ. ನಡುರಾತ್ರಿ ಕಳೆದ ಮೇಲೆ ಪ್ರೇಕ್ಷಕರ ಬೆನ್ನ ಹಿಂದೆ ದೊಂದಿ ಉರಿಯುತ್ತದೆ, ರಾಳದ ಪುಡಿ ಭಗ್ಗೆನ್ನುತ್ತದೆ, ಚೆಂಡೆ ಕಿವಿಗೆ ಬಡಿಯುತ್ತದೆ, ಅಬ್ಬರ ಕೇಳುತ್ತದೆ. ವೇಷ ಮಾತ್ರ ಇನ್ನೂ ಕಾಣುವುದಿಲ್ಲ. ಆರಡಿಯ ಮನುಷ್ಯ ಆ ಕಾಯಿಸುವಿಕೆಯಲ್ಲೇ ಇಪ್ಪತ್ತಡಿ ಆಗಿಬಿಡುತ್ತಾನೆ. ಕತೆ ಗೊತ್ತು, ಕೊನೆಗೆ ಅವನು ಸಾಯುವುದೂ ಗೊತ್ತು. ಹೊಸತನ ಬೇಕೆಂದು ಯಾರೂ ಗಲಾಟೆ ಮಾಡಿದ್ದು ನಾನು ಕಂಡಿಲ್ಲ.

ಪುಣೆಯಲ್ಲಿ ಈ ವಿದ್ಯೆಗೆ ಸಿನಿಮಾದ ವಂಶಾವಳಿಯೂ ಇದೆ. ಲಾ ಕಾಲೇಜು ರಸ್ತೆಯ ರಾಷ್ಟ್ರೀಯ ಚಲನಚಿತ್ರ ಸಂಗ್ರಹಾಲಯದಲ್ಲಿ ದಾದಾಸಾಹೇಬ್ ಫಾಲ್ಕೆಯವರ 1919ರ 'ಕಾಳಿಯ ಮರ್ದನ' ಉಳಿದಿದೆ, ಸಂಗ್ರಹಾಲಯ ಕಟ್ಟಿದ ಪಿ.ಕೆ. ನಾಯರ್ ಅವರಂಥವರು ಹುಡುಕಿ ಕೂಡಿಸದಿದ್ದರೆ ಅದೂ ಬೂದಿಯಾಗುತ್ತಿತ್ತು. ನಮ್ಮ ತೆರೆಯ ಮೊದಲ ಮಹಾಮೃಗಗಳಲ್ಲಿ ಆ ಚಿತ್ರದ ಕಾಳಿಯ ಹಾವೂ ಒಂದು. ಇಂದಿನ ಕಣ್ಣಿಗೆ ಅದು ಬರೀ ಗೊಂಬೆ ಎಂದು ಮೊದಲ ನೋಟಕ್ಕೇ ತಿಳಿಯುತ್ತದೆ. ಆದರೆ ಕೃಷ್ಣನಾದದ್ದು ಫಾಲ್ಕೆಯವರ ಮಗಳು, ಪುಟ್ಟ ಮಂದಾಕಿನಿ. ನೀರಿನೊಳಗೆ ಮಗು, ದಡದ ಮೇಲೆ ಗೋಳಾಡುವ ಊರು. ಫಾಲ್ಕೆ ನಮ್ಮನ್ನು ದಡದವರ ಜೊತೆ ನಿಲ್ಲಿಸುತ್ತಾರೆ. ಹಾವಿನ ಗಾತ್ರ ಹಾವಿನಲ್ಲಿಲ್ಲ, ಆ ಮುಖಗಳಲ್ಲಿದೆ.

'ಕಿಂಗ್ ಕಾಂಗ್' ತೆರೆಕಂಡ 1933ರಲ್ಲೇ ಪ್ರಭಾತ್ ಕಂಪನಿ ಕೊಲ್ಹಾಪುರದಿಂದ ಪುಣೆಗೆ ಬಂತು. ಈಗ ಫಿಲ್ಮ್ ಇನ್‌ಸ್ಟಿಟ್ಯೂಟ್ ಇರುವ ಜಾಗವೇ ಅವರ ಸ್ಟುಡಿಯೋ. ದಾಮ್ಲೆ–ಫತ್ತೇಲಾಲ್ ಅವರ 1936ರ 'ಸಂತ ತುಕಾರಾಮ್'ನಲ್ಲಿ ಒಂದು ಪವಾಡವಿದೆ. ಕೀರ್ತನೆ ಕೇಳುತ್ತ ಕೂತ ಶಿವಾಜಿಯನ್ನು ಹಿಡಿಯಲು ಶತ್ರುಗಳು ನುಗ್ಗಿದಾಗ ಜನರ ನಡುವಿನಿಂದ ಒಬ್ಬರಾದ ಮೇಲೊಬ್ಬರು ಶಿವಾಜಿಗಳೇ ಎದ್ದುಬರುತ್ತಾರೆ. ಯಾರನ್ನು ಹಿಡಿಯುವುದು? 2010ರಲ್ಲಿ ಶಂಕರ್ ಅವರ 'ಎಂದಿರನ್' ನೋಡುವಾಗ, ಒಂದೇ ಮುಖದ ನೂರಾರು ಚಿಟ್ಟಿ ರೋಬೋಟುಗಳು ಸೇರಿ ಚೆಂಡಾಗಿ, ಹಾವಾಗಿ, ದೈತ್ಯನಾಗಿ ನಿಂತಾಗ ನನಗೆ ತಟ್ಟನೆ ನೆನಪಾದದ್ದು ಆ ದೃಶ್ಯ. ಅಂದ ಹಾಗೆ, ಚಿಟ್ಟಿಯ ಪಾತ್ರ ಮಾಡಿದ, ಒಂದು ಕಾಲಕ್ಕೆ ಬೆಂಗಳೂರಿನಲ್ಲಿ ಬಸ್ ಕಂಡಕ್ಟರ್ ಆಗಿದ್ದ ರಜನಿಕಾಂತ್ ಅವರ ಹುಟ್ಟುಹೆಸರೂ ಶಿವಾಜಿರಾವ್. ಅವರ ಮನೆತನದ ಮೂಲ ನಮ್ಮ ಜೇಜುರಿಯ ಆಸುಪಾಸಿನ ಹಳ್ಳಿ ಎಂದು ಇಲ್ಲಿಯವರು ಅಭಿಮಾನದಿಂದ ಹೇಳಿಕೊಳ್ಳುತ್ತಾರೆ. ನೂರಾರು ಶಿವಾಜಿಗಳ ಪವಾಡ ಎಪ್ಪತ್ನಾಲ್ಕು ವರ್ಷ ಬಿಟ್ಟು ಮತ್ತೆ ನಡೆಯಿತು ಅಂದುಕೊಳ್ಳಿ.

ವ್ಯತ್ಯಾಸವೂ ಅಲ್ಲೇ ಇದೆ. ತುಕಾರಾಮನನ್ನು ವೈಕುಂಠಕ್ಕೆ ಒಯ್ಯಲು ಆಕಾಶದಿಂದ ಗರುಡವಾಹನ ಇಳಿಯುವಾಗ ಹೆಂಡತಿ ಜೀಜಾಯಿ ಬರುವುದಿಲ್ಲ, ಅಡುಗೆಮನೆಯ ಕೆಲಸದಲ್ಲಿರುತ್ತಾಳೆ. ಹಾರುವುದಕ್ಕೆ ಅರ್ಥ ಬರುವುದು ಹಾರದೆ ನೆಲದಲ್ಲಿ ಉಳಿದವಳಿಂದ. 'ಎಂದಿರನ್' ಕೊನೆಯ ಕಾಳಗದಲ್ಲಿ ನೆಲದ ಮೇಲೆ ಉಳಿದದ್ದು ಪೊಲೀಸ್ ಜೀಪುಗಳು ಮಾತ್ರ. ಖುಷಿಪಟ್ಟೆ, ಇಲ್ಲವೆನ್ನಲಾರೆ, ಶಿಳ್ಳೆಯನ್ನೂ ಹಾಕಿದೆ. ಆದರೆ ಆ ಖುಷಿ ಸರ್ಕಸ್ಸಿನದು.

2018 ಈ ವಿಷಯದಲ್ಲಿ ಪರೀಕ್ಷೆಯ ವರ್ಷ. ಮಾರ್ಚ್‌ನಲ್ಲಿ ಆ ನೆಗೆದಾಡುವ 'ಪೆಸಿಫಿಕ್ ರಿಮ್' ಬಂತು. 2013ರ ಮೊದಲ ಭಾಗದಲ್ಲಿ ಗಿಯೆರ್ಮೊ ದೆಲ್ ತೋರೊ ಯಂತ್ರಗಳನ್ನು ಮಳೆಯಲ್ಲಿ, ಕತ್ತಲಲ್ಲಿ, ಸೊಂಟದುದ್ದದ ಸಮುದ್ರದಲ್ಲಿ ನಡೆಸಿದ್ದರು. ಕೈ ಬೀಸಿದರೆ ಆ ಕೈ ತಲುಪುವವರೆಗೆ ನಾವು ಉಸಿರು ಹಿಡಿಯಬೇಕು. ಹಾಂಕಾಂಗ್‌ನ ಕಾಳಗದಲ್ಲಿ ಗುರಿ ತಪ್ಪಿದ ಮುಷ್ಟಿಯೊಂದು ಕಚೇರಿ ಕಟ್ಟಡವನ್ನು ಸೀಳಿಕೊಂಡು ಒಳಬರುತ್ತದೆ. ವೇಗ ಪೂರ್ತಿ ಇಳಿದ ಹೊತ್ತಿಗೆ, ಮೇಜಿನ ಮೇಲಿದ್ದ ದಾರಕ್ಕೆ ತೂಗುಬಿಟ್ಟ ಉಕ್ಕಿನ ಗುಂಡುಗಳ ಆಟಿಕೆಗೆ ಮೆಲ್ಲಗೆ ತಾಗುತ್ತದೆ. ಟಿಕ್, ಟಿಕ್. ಅಷ್ಟು ದೊಡ್ಡ ಕೈ ಎಷ್ಟು ದೊಡ್ಡದೆಂದು ಆ ಸದ್ದು ಹೇಳುತ್ತದೆ.

ಅಕ್ಟೋಬರ್‌ನಲ್ಲಿ 'ತುಂಬಾಡ್', ನವೆಂಬರ್ ಕೊನೆಗೆ '2.0'. ಶಂಕರ್ ಅವರ ಚಿತ್ರದ ಆರಂಭ ಅದ್ಭುತ: ಜನರ ಕೈಯಲ್ಲಿದ್ದ ಮೊಬೈಲುಗಳು ತಾವಾಗಿ ಹಾರಿಹೋಗುತ್ತವೆ, ಸಾವಿರಾರು ಫೋನುಗಳು ಮಿಣುಕುತ್ತ ಹರಿದಾಡುತ್ತವೆ. ಅವೆಲ್ಲ ಸೇರಿ ಮಹಾಪಕ್ಷಿಯಾಗುವುದೂ ಸ್ವಂತ ಕಲ್ಪನೆಯೇ, ಗುಬ್ಬಚ್ಚಿ ಕಾಣೆಯಾದ ನಮ್ಮ ಊರುಗಳಿಂದಲೇ ಹುಟ್ಟಿದ್ದು. ಹೊಸತನ ಸಾಲದೆಂದು ಯಾರೂ ದೂರುವಂತಿಲ್ಲ. ಆದರೆ ಕೊನೆಯ ಸ್ಟೇಡಿಯಂ ಕಾಳಗಕ್ಕೆ ಬರುವ ಹೊತ್ತಿಗೆ ಎಲ್ಲವೂ ಎಲ್ಲವೂ ಆಗಬಲ್ಲದು. ಏನು ಬೇಕಾದರೂ ಆಗಬಲ್ಲ ರಾಕ್ಷಸನಿಗೆ ಹೆದರುವುದು ಹೇಗೆ? ನಮ್ಮ ಪುರಾಣದ ರಾಕ್ಷಸರು ಒಬ್ಬೊಬ್ಬರಿಗೂ ವರದಲ್ಲೊಂದು ತೂತು ಇರುತ್ತದೆ. ಕುತೂಹಲವೆಲ್ಲ ಆ ತೂತಿನಲ್ಲೇ. ಕಂಪ್ಯೂಟರ್ ಕೊಟ್ಟ ವರಕ್ಕೆ ತೂತಿಲ್ಲ.

'ತುಂಬಾಡ್' '2.0'ಕ್ಕಿಂತ ಹತ್ತಾರು ಪಾಲು ಕಡಿಮೆ ದುಡ್ಡಿನಲ್ಲಿ ಆದದ್ದು. ನಾಯಕ ವಿನಾಯಕರಾವ್ ಬದುಕುವುದು ಸ್ವಾತಂತ್ರ್ಯಪೂರ್ವದ ಪುಣೆಯಲ್ಲಿ. ಆಗಾಗ ಕೊಂಕಣದ ಮಳೆಗೆ ಹೋಗಿ, ಭೂಗರ್ಭಕ್ಕೆ ಹಗ್ಗ ಇಳಿಬಿಟ್ಟು, ಅಲ್ಲಿರುವ ಹಸ್ತರ ಎಂಬ ರಾಕ್ಷಸನ ಲಂಗೋಟಿಯಿಂದ ಚಿನ್ನದ ನಾಣ್ಯ ಕದ್ದು ತರುತ್ತಾನೆ. ಇದೂ ಎರವಲೇ: ಶೀರ್ಷಿಕೆ ಶ್ರೀ.ನಾ. ಪೆಂಡಸೆಯವರ ಕಾದಂಬರಿಯ ನೆನಪಿನದು. ನಿರ್ದೇಶಕ ರಾಹಿ ಬರ್ವೆಗೆ ಪ್ರೇರಣೆಯಾದ ಭಯಾನಕ ಕತೆ ಪುಣೆಯ ಲೇಖಕ ನಾರಾಯಣ ಧಾರಪ್ ಅವರದು, ಧಾರಪರು ಅದನ್ನು ಸ್ಟೀಫನ್ ಕಿಂಗ್‌ನಿಂದ ತಂದವರು. ಮೂರು ಕೈ ದಾಟಿದ ಸರಕು. ಆದರೂ ಹಸ್ತರ ನಮ್ಮವನೇ, ಯಾಕೆಂದರೆ ಅವನಿಗೆ ಹಸಿವಿದೆ, ಹಿಟ್ಟಿನ ಗೊಂಬೆಗೆ ಮರುಳಾಗುತ್ತಾನೆ, ಹಿಟ್ಟಿನಲ್ಲಿ ಬಳಿದ ವೃತ್ತ ದಾಟಲಾರ. ಅಜ್ಜಿಯರು ಹೇಳುವ ಭೂತಕ್ಕಿರುವಷ್ಟೇ ಕಟ್ಟುಪಾಡು.

ದುಡ್ಡಿಲ್ಲದವರು ಮಾತ್ರ ಒಳ್ಳೆಯ ರಾಕ್ಷಸನನ್ನು ಮಾಡಬಲ್ಲರು ಎಂದು ನಾನು ಹೇಳುತ್ತಿಲ್ಲ. ದೆಲ್ ತೋರೊ ಹಾಲಿವುಡ್ಡಿನ ಹಣದಲ್ಲೇ ಮಾಡಿದ್ದು. ಆದರೆ 'ಗಾಡ್ಜಿಲಾ ಮೈನಸ್ ಒನ್' 2024ರಲ್ಲಿ ದೃಶ್ಯತಂತ್ರಕ್ಕೆ ಆಸ್ಕರ್ ಗೆದ್ದಾಗ ಅದರ 610 ಶಾಟುಗಳನ್ನು ಮಾಡಿದ್ದು 35 ಮಂದಿ, ನಿರ್ದೇಶಕ ಯಮಾಜಾಕಿ ಅವರೇ ಅದರ ಮೇಸ್ತ್ರಿ. ಪ್ರತಿ ಶಾಟಿಗೂ ಬೆವರು ಬೇಕಾದಾಗ ಯಾವುದು ಬೇಡ ಎಂಬುದು ತಾನಾಗಿ ಗೊತ್ತಾಗುತ್ತದೆ.

ಕೇಳಿದವರಿಗೆ ನಾನು ಹೇಳುವುದಿಷ್ಟು. 'ಪೆಸಿಫಿಕ್ ರಿಮ್' ಮೊದಲನೆಯದು ದೊಡ್ಡ ಪರದೆಯ ಮೇಲೆ ಸಿಕ್ಕರೆ ಬಿಡಬೇಡಿ, ಎರಡನೆಯದನ್ನು ಬಿಡಿ. '2.0' ಮಧ್ಯಂತರಕ್ಕೆ ಎದ್ದು ಬಂದರೂ ನಷ್ಟವಿಲ್ಲ. 'ತುಂಬಾಡ್' ರಾತ್ರಿ ಒಬ್ಬರೇ ನೋಡಬೇಡಿ. ಗಣೇಶೋತ್ಸವಕ್ಕೆ ಪುಣೆಗೆ ಬಂದರೆ ಪೇಠೆಗಳಿಗೆ ರಾತ್ರಿ ಒಂಬತ್ತರ ಮೇಲೆ ಹೋಗಿ, ಮಕ್ಕಳನ್ನು ಹೆಗಲ ಮೇಲೆ ಕೂರಿಸಿಕೊಳ್ಳಿ, ಚಪ್ಪಲಿಯ ಮೇಲೆ ಒಂದು ಕಣ್ಣಿರಲಿ.