ಬೆಳುದಿಂಗಳಿನ ವಿರಹವೂ ಸೂತಕದ ಹೊಸಿಲೂ

ಕೆ.ಎಸ್. ನರಸಿಂಹಸ್ವಾಮಿಯವರ ‘ಮೈಸೂರು ಮಲ್ಲಿಗೆ’ 1942ರಲ್ಲಿ ಪ್ರಕಟವಾದಂದಿನಿಂದ ಕನ್ನಡಿಗರು ಅದನ್ನು ದಾಂಪತ್ಯಶೃಂಗಾರದ ಕಾವ್ಯವೆಂದು ಮನೆದುಂಬಿಸಿಕೊಂಡಿದ್ದಾರೆ. ಅದರಲ್ಲಿರುವುದೆಲ್ಲ ತಿಳಿನಗೆ, ವಿಪ್ರಲಂಭಕ್ಕೆ ಎಡೆಯಿಲ್ಲ ಎಂಬ ಮಾತೂ ಉಂಟು. ರಾಯರು ಇರುಳಿನಲ್ಲಿ ಮಾವನ ಮನೆಗೆ ಬರುವ ಕವನವನ್ನು ನಿಧಾನವಾಗಿ ಓದಿದವರು ಈ ಮಾತನ್ನು ಒಪ್ಪಲಾರರು.

ಬಾನಿನಲ್ಲಿ ಹುಣ್ಣಿಮೆಯ ಚಂದ್ರನಿದ್ದಾನೆ. ಮನೆಯಲ್ಲಿ ಆದರವಿದೆ, ಹಾಸಿಗೆ ವೀಳ್ಯಗಳು ಅಣಿಯಾಗಿವೆ. ಪದುಮಳು ಮಾತ್ರ ಇಲ್ಲ. ಆಲಂಕಾರಿಕರ ಮತದಂತೆ ಬೆಳುದಿಂಗಳು ಉದ್ದೀಪನ ವಿಭಾವ. ವಿರಹಿಯಾದವನು ಚಂದ್ರನನ್ನು ಹಳಿಯಬೇಕು, ತಂಗಾಳಿ ಅವನನ್ನು ಸುಡಬೇಕು. ರಾಯರು ಹಳಿಯುವುದಿಲ್ಲ. ಹಳಿಯುವುದಾದರೂ ಹೇಗೆ? ಅಗಲಿಕೆಯ ಕಾರಣ ಆಕಾಶದಲ್ಲಿಲ್ಲ, ದೂರದೇಶದಲ್ಲಿಲ್ಲ. ಅದೇ ಮನೆಯ ಹೊಸಿಲಿನಲ್ಲಿದೆ. ಪದುಮಳು ಮುಟ್ಟಾಗಿ ಹೊರಗಿದ್ದಾಳೆ. ಕವಿ ಇದನ್ನು ಬಾಯಿಬಿಟ್ಟು ಹೇಳುವುದಿಲ್ಲ. ಬೆಳಗಾದ ಮೇಲೆ ಮುನಿಸಿನಿಂದ ಹೊರಟ ರಾಯರಿಗೆ, ಆಕೆಯ ಸ್ನಾನಕ್ಕೆ ನೀರು ಸಿದ್ಧವಾದುದನ್ನು ನಾದಿನಿ ತಿಳಿಸುವಲ್ಲಿ ಅದು ಧ್ವನಿತವಾಗುತ್ತದೆ. ಇರುಳೆಲ್ಲ ರಾಯರ ಬಳಿಯಿದ್ದ ಹೂವೆಂದರೆ ತಲೆದಿಂಬಿನ ಅಂಚಿಗೆ ಪದುಮಳು ಹಾಕಿದ ಕಸೂತಿಯ ಹೂವು. ಪ್ರಕೃತಿಯನ್ನು ಸೂಜಿದಾರದ ಅಳತೆಗೆ ಇಳಿಸಿ ವಿರಹವನ್ನು ಇಷ್ಟು ಹತ್ತಿರಕ್ಕೆ ತಂದ ಕವನವನ್ನು ನಾನು ಬೇರೆ ಕಂಡಿಲ್ಲ.

ಅಧ್ಯಾಪಕನಾಗಿದ್ದಾಗ ಈ ಕವನವನ್ನು ಬೋಧಿಸುತ್ತಿದ್ದೆ. ಆ ನೀರು ಏತಕ್ಕೆಂದು ವಿದ್ಯಾರ್ಥಿನಿಯೊಬ್ಬಳು ಕೇಳಿದಳು. ‘ಮುಂದೆ ಓದಮ್ಮ’ ಎಂದುಬಿಟ್ಟೆ. ಕವಿಯ ಸಂಕೋಚ ಕಾವ್ಯವಾಯಿತು, ನನ್ನದು ಬರಿಯ ಹೇಡಿತನ. ಪಂಚಸೂತಕಗಳನ್ನು ನಿರಾಕರಿಸಿದ ಶರಣರ ವಚನಗಳನ್ನು ಅದೇ ತರಗತಿಗೆ ಹೇಳಿಕೊಟ್ಟಿದ್ದವನು ನಾನು! ಲಿಂಗವಂತೆಗೆ ರಜಸ್ಸೂತಕವಿಲ್ಲವೆಂದು ನಂಬಿದ ಓದುಗ ಈ ಹೊಸಿಲಿನಲ್ಲಿ ಎಡವದೆ ಮುಂದುವರಿಯಲಾರ.

ಅಕ್ಕಮಹಾದೇವಿಯ ವಿರಹವನ್ನು ನೆನೆಯಿರಿ. ಕೋಗಿಲೆ, ದುಂಬಿಗಳಲ್ಲದೆ ಬೆಳುದಿಂಗಳನ್ನೂ ಕರೆದು ಅವಳು ಬೇಡುತ್ತಾಳೆ. ಕಾಡೆಲ್ಲ ಅವಳ ದನಿಯೇ. ಪದುಮಳಿಗೆ ಬೇಡಲು ಹಕ್ಕಿಯೂ ಇಲ್ಲ, ದನಿಯೂ ಇಲ್ಲ. ಅವಳ ಬಳೆಯ ಸದ್ದು ಕೂಡ ಕೇಳಿಸದು. ರಾಯರ ಮುನಿಸನ್ನು ಬಲ್ಲೆವು, ಪದುಮಳ ಇರುಳನ್ನು ಅರಿಯೆವು. ಕವನದ ಕೊರತೆ ಇದೇ ಎಂದು ನನ್ನ ಎಣಿಕೆ. ಕವಿ ಆಚಾರವನ್ನು ಖಂಡಿಸಲಿಲ್ಲವೆಂದು ನಾನು ದೂರುತ್ತಿಲ್ಲ. ಭಾವಗೀತೆಯಿಂದ ಖಂಡನೆಯನ್ನು ಬೇಡುವುದು ಅರಸಿಕತನವೇ ಸರಿ.

ಇಂದು ಸುಗಮಸಂಗೀತದಲ್ಲಿ ಈ ಹಾಡನ್ನು ಕೇಳುವ ಎಳೆಯರಲ್ಲಿ ಅನೇಕರಿಗೆ ಪದುಮಳು ಎಲ್ಲಿದ್ದಳೆಂಬುದೇ ಹೊಳೆಯದು. ರಾಯರ ಕಡೆಯ ನಗೆಯನ್ನು ಕೇಳಿ ಅವರೂ ನಗುತ್ತಾರೆ. ಅಂದು ಪ್ರಶ್ನೆ ಕೇಳಿದ ಹುಡುಗಿ ಮಾತ್ರ ನಕ್ಕಿರಲಿಲ್ಲ.