ಮೊದಲು ಹ್ಯಾಂಡ್ ಬ್ರೇಕ್, ಆಮೇಲೆ ಸೀಟು

ನಿಂತ ಗಾಡಿಯ ಹಿಂದಿನ ಗಾಲಿಗೆ ಪರ್ಸಿ ಕಲ್ಲಿನ ತುಂಡೊಂದನ್ನು ಒತ್ತಿಟ್ಟಿರುವುದು ಶಹಾಬಾದ, ವಾಡಿ, ಚಿತ್ತಾಪುರದ ಕಡೆ ಯಾರ ಕಣ್ಣಿಗೂ ಹೊಸದಲ್ಲ. ಕಲ್ಲಿಗೆ ಬರವಿಲ್ಲದ ಸೀಮೆ. ಹ್ಯಾಂಡ್ ಬ್ರೇಕ್ ಕೆಟ್ಟರೂ ಕೆಲಸ ನಡೆದುಹೋಗುತ್ತದೆ. ಈ ರೂಢಿ ಸ್ವಂತ ಕೈಯಿಂದ ಗಾಡಿ ಕಟ್ಟುವವರಿಗೂ ಅಂಟಿದೆ ಎಂಬುದೇ ನನ್ನ ತಕರಾರು. ಎಂಜಿನ್ ಕೂರಿಸಿ, ಬಾಡಿ ವೆಲ್ಡ್ ಮಾಡಿ, ಸೀಟು ಹಾಕಿ, ಬಣ್ಣ ಹೊಡೆದ ಮೇಲೆ ಹ್ಯಾಂಡ್ ಬ್ರೇಕ್ ನೆನಪಾಗುತ್ತದೆ. ಆ ಹೊತ್ತಿಗೆ ಲಿವರ್‌ಗೆ ಜಾಗವೂ ಇರುವುದಿಲ್ಲ, ಕೇಬಲ್‌ಗೆ ದಾರಿಯೂ ಇರುವುದಿಲ್ಲ.

ನೋಂದಣಿಯಾದ ವಾಹನದ ಮೂಲ ರೂಪ ಬದಲಿಸುವುದನ್ನು ಮೋಟಾರು ವಾಹನ ಕಾಯ್ದೆಯ 52ನೇ ಕಲಂ ತಡೆಯುತ್ತದೆ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೂಡ ಅದನ್ನೇ ಬಿಗಿಯಾಗಿ ಹೇಳಿತು. ಹಾಗಾಗಿ ಕೈಯಿಂದ ಕಟ್ಟಿದ ಇಂಥ ಗಾಡಿಯ ಓಡಾಟ ಸಾರ್ವಜನಿಕ ರಸ್ತೆಯಲ್ಲಲ್ಲ, ಹೊಲದಲ್ಲಿ, ಖಣಿಯ ಒಳದಾರಿಯಲ್ಲಿ. ಏರು, ಇಳಿಜಾರು, ಸಡಿಲ ಕಲ್ಲು ಹೆಚ್ಚಾಗಿರುವುದೂ ಅಲ್ಲಿಯೇ.

ಇಂಥ ಗಾಡಿಗೆ ನಾನು ಸೂಚಿಸುವುದು ಗುಜರಿಯಲ್ಲಿ ಸಿಗುವ ಮಾರುತಿ ಓಮ್ನಿಯ ಹಿಂದಿನ ಆಕ್ಸಲ್. ಪಟ್ಟಾ (ಲೀಫ್ ಸ್ಪ್ರಿಂಗ್), ಡ್ರಮ್, ಡ್ರಮ್ಮಿನೊಳಗೆ ಹ್ಯಾಂಡ್ ಬ್ರೇಕಿನ ತೋಳು ಎಲ್ಲವೂ ಅದರೊಂದಿಗೇ ಬರುತ್ತವೆ. ಲಿವರನ್ನೂ ಅದೇ ಗಾಡಿಯಿಂದ ತನ್ನಿ. ಸ್ಟಂಟ್ ವಿಡಿಯೊಗಳಲ್ಲಿ ಕಾಣುವ ಉದ್ದನೆಯ ಹೈಡ್ರಾಲಿಕ್ ಲಿವರ್ ಬೇಡವೇ ಬೇಡ. ಅದು ಗಾಡಿಯನ್ನು ಹಿಡಿಯುವುದು ಎಣ್ಣೆಯ ಒತ್ತಡದಿಂದ. ರಬ್ಬರ್ ಸೀಲಿನಲ್ಲಿ ಸ್ವಲ್ಪ ಜಿನುಗಿದರೂ, ಮಧ್ಯಾಹ್ನ ಕಾದ ಎಣ್ಣೆ ರಾತ್ರಿ ತಣಿದರೂ ಒತ್ತಡ ಇಳಿಯುತ್ತದೆ. ಉಕ್ಕಿನ ತಂತಿ ಮತ್ತು ರ‍್ಯಾಚೆಟ್ಟಿನ ಹಲ್ಲಿಗೆ ಆ ಕಾಟವಿಲ್ಲ.

ಎಷ್ಟು ಬಲ ಬೇಕು? ಐದು ಅಡಿಗೆ ಒಂದು ಅಡಿ ಏರುವ ದಾರಿಯಲ್ಲಿ 900 ಕಿಲೋ ಗಾಡಿಯನ್ನು ಸುಮಾರು 176 ಕಿಲೋ ಬಲ ಕೆಳಗೆಳೆಯುತ್ತದೆ. ಕಾರಿನ ಹ್ಯಾಂಡ್ ಬ್ರೇಕ್ ಇಂಥ ಇಳಿಜಾರಿನಲ್ಲಿ ತುಂಬಿದ ಗಾಡಿಯನ್ನು ಹಿಡಿಯಬೇಕು, ಅದಕ್ಕೆ ಕೈಬಲ 400 ನ್ಯೂಟನ್, ಅಂದರೆ ಸುಮಾರು 40 ಕಿಲೋ ಮೀರಬಾರದು ಎಂಬುದು ಅಂತರರಾಷ್ಟ್ರೀಯ ನಿಯಮ. ಹಿಡಿಕೆಯಿಂದ ಪಿನ್ನಿಗೆ 30 ಸೆಂ.ಮೀ., ಪಿನ್ನಿನಿಂದ ಕೇಬಲ್ಲಿಗೆ 5 ಸೆಂ.ಮೀ. ಇಟ್ಟರೆ ಆ 40 ಕಿಲೋ 240 ಆಗುತ್ತದೆ. ಅದನ್ನು ಎರಡೂ ಗಾಲಿಗೆ 120ರಂತೆ ಸಮನಾಗಿ ಹಂಚುವುದು ಈಕ್ವಲೈಸರ್. ಅದನ್ನು ಬಿಟ್ಟು ಎರಡು ಕೇಬಲ್‌ಗಳನ್ನೂ ನೇರವಾಗಿ ಲಿವರ್‌ಗೆ ಬೋಲ್ಟ್ ಮಾಡುವವರಿದ್ದಾರೆ. ಆಗ ಕೇಬಲ್ ಹೆಚ್ಚು ಬಿಗಿಯಿದ್ದ ಗಾಲಿ ಎಲ್ಲ ಭಾರ ಹೊರುತ್ತದೆ, ಇನ್ನೊಂದು ಸುಮ್ಮನೆ ತಿರುಗುತ್ತದೆ.

ನಿಜವಾದ ಕುಶಲತೆ ಕಾಣುವುದು ಕೇಬಲ್ ಹಾಯಿಸುವಲ್ಲಿ. ಒಳತಂತಿ ಎಳೆದಷ್ಟೇ ಬಲ ಹೊರಕವಚವನ್ನು ಒತ್ತುತ್ತದೆ. ಆ ಕವಚದ ತುದಿ ನಿಂತ ಬ್ರಾಕೆಟ್ ತೆಳು ತಗಡಿನದಾದರೆ, ನಿಮ್ಮ ಕೈಬಲ ತಗಡು ಬಗ್ಗಿಸುವುದರಲ್ಲೇ ಮುಗಿಯುತ್ತದೆ. ಬ್ರಾಕೆಟ್ಟನ್ನು ದಪ್ಪ ಪಟ್ಟಿಯಲ್ಲಿ ಮಾಡಿ ಚಾಸಿಗೇ ವೆಲ್ಡ್ ಮಾಡಿ. ಆಕ್ಸಲ್ ಮೇಲೆ ಕೆಳಗೆ ಆಡುವಾಗ ಕೇಬಲ್ ಜಗ್ಗದಂತೆ ದೊಡ್ಡ ಬಾಗು ಬಿಡಿ. ಸೈಲೆನ್ಸರಿನಿಂದ ದೂರ ಇರಲಿ.

ಹಳೆಯ ವಿಲ್ಲಿಸ್ ಜೀಪಿನ ದಾರಿ ಬೇರೆ. ಅದರ ಹ್ಯಾಂಡ್ ಬ್ರೇಕ್ ಗಾಲಿಯಲ್ಲಿಲ್ಲ, ಟ್ರಾನ್ಸ್‌ಫರ್ ಕೇಸಿನ ಹಿಂದೆ ಪ್ರೊಪೆಲ್ಲರ್ ಶಾಫ್ಟಿನ ಮೇಲಿದೆ. ಯುದ್ಧಕಾಲದ ಮಾದರಿಯಲ್ಲಿ ಆಕ್ಸಲಿನ ಅನುಪಾತ 4.88 ಇದ್ದುದರಿಂದ ಸಣ್ಣ ಡ್ರಮ್ಮೇ ಸುಮಾರು ಐದು ಪಟ್ಟು ಹಿಡಿತ ಕೊಡುತ್ತಿತ್ತು. ಸೊಗಸಾದ ಯೋಚನೆ, ನನಗೆ ಬಹಳ ಇಷ್ಟ. ಆದರೆ ಒಂದು ಹಿಂಗಾಲಿಯನ್ನು ಜಾಕ್ ಮೇಲೆತ್ತಿದರೆ ಡಿಫರೆನ್ಷಿಯಲ್ ಆ ಗಾಲಿಯನ್ನು ತಿರುಗಲು ಬಿಡುತ್ತದೆ, ಗಾಡಿ ಉರುಳಬಹುದು. ಹಿಂಬದಿ ಜಾಕ್ ಹಾಕುವಾಗ ಅದನ್ನು ನಂಬಬೇಡಿ.

ಹೊಂದಿಸುವಾಗ ಮೊದಲು ಡ್ರಮ್ಮಿನ ಶೂ, ಆಮೇಲೆ ಕೇಬಲ್. ಸವೆದ ಶೂವಿನ ಸಂದನ್ನು ಕೇಬಲ್ ಬಿಗಿದು ಮುಚ್ಚುವುದು ಕೆಟ್ಟ ಕೆಲಸ. ಹಿಂಗಾಲಿ ಎರಡನ್ನೂ ಸ್ಟ್ಯಾಂಡಿನ ಮೇಲಿಟ್ಟು ಒಂದೊಂದೇ ಹಲ್ಲು ಎಳೆಯಿರಿ. ಎರಡೂ ಒಟ್ಟಿಗೆ ಹಿಡಿಯಬೇಕು, ಬಿಟ್ಟಾಗ ಒಟ್ಟಿಗೆ ಸಡಿಲವಾಗಬೇಕು.

ಕೊನೆಯ ಪರೀಕ್ಷೆಗೆ ಚಿಂಚೋಳಿ ಕಡೆಯ ಕೆಂಪು ಗರಸಿನ ಇಳಿಜಾರು ಸಾಕು. ಇಳಿಜಾರಿನ ಕೆಳಗೆ ಯಾರೂ ಇರದಂತೆ ನೋಡಿಕೊಂಡು, ಮೂತಿ ಮೇಲೆ ಮಾಡಿ ಒಮ್ಮೆ, ಕೆಳಗೆ ಮಾಡಿ ಒಮ್ಮೆ ನಿಲ್ಲಿಸಿ. ಮೂತಿ ಕೆಳಗಾದಾಗ ಭಾರ ಮುಂದಕ್ಕೆ ಸರಿದು ಹಿಂಗಾಲಿ ಹಗುರಾಗುತ್ತದೆ. ಬ್ರೇಕ್ ಬಿಗಿಯಾಗಿದ್ದರೂ ಗಾಲಿ ಗರಸಿನ ಮೇಲೆ ಜಾರಬಹುದು. ಹಾಗೆ ಜಾರಿದರೆ ಕೇಬಲ್ ಬಿಗಿಯುತ್ತ ಕೂಡಬೇಡಿ. ಬ್ಯಾಟರಿಯನ್ನೋ ಟ್ಯಾಂಕನ್ನೋ ಹಿಂದಕ್ಕೆ ಸರಿಸಿ ಹಿಂಗಾಲಿಯ ಮೇಲೆ ಭಾರ ತನ್ನಿ.

ಇನ್ನು ಸೇಡಂ, ವಾಡಿಯ ಸಿಮೆಂಟ್ ದೂಳು. ಅದು ಕವಚದೊಳಗೆ ಹೊಕ್ಕು ಮಳೆನೀರಿನೊಂದಿಗೆ ಸೇರಿದರೆ ತಂತಿ ಕಚ್ಚಿಕೊಳ್ಳುತ್ತದೆ. ತುದಿಯ ರಬ್ಬರ್ ಬೂಟು ಹರಿದ ದಿನವೇ ಬದಲಿಸಿ, ಮಳೆಗಾಲಕ್ಕೆ ಮುನ್ನ ಕೇಬಲ್ ಬಿಚ್ಚಿ ಗ್ರೀಸ್ ಹಾಕಿ.