ಬೆಳ್ಳಿ ಎಲ್ಲಿಗೆ ಹೋದಳು?

ಎಂಬತ್ತರ ದಶಕದ ಮೊದಲಲ್ಲಿ ನಮ್ಮ ಹಟ್ಟಿಯ ಮುಂದಿನ ಬಯಲಲ್ಲಿ 'ಚೋಮನ ದುಡಿ' ತೋರಿಸಿದರು. ಎರಡು ಗಳಕ್ಕೆ ಬಿಳಿ ಪಂಚೆ ಕಟ್ಟಿ, ಬಾಡಿಗೆ ಪ್ರೊಜೆಕ್ಟರ್ ತಂದು, ಸಂಘಟನೆಯ ಹುಡುಗರು ಓಡಾಡಿ ಮಾಡಿದ ಕೆಲಸ. ಸಿನಿಮಾ ಮುಗಿದ ಮೇಲೆ ಚರ್ಚೆ. ಭೂಮಿಯ ಪ್ರಶ್ನೆ ಬಂತು, ಜೀತ ಬಂತು, ಮತಾಂತರ ಬಂತು. ನಾನೂ ಎದ್ದು ನಿಂತು ಊಳಿಗಮಾನ್ಯ ವ್ಯವಸ್ಥೆಯ ಮೇಲೆ ಹತ್ತು ನಿಮಿಷ ಮಾತಾಡಿದೆ. ಹೆಂಗಸರು ಹಿಂದೆ ಗೋಡೆಗೆ ಒರಗಿ ಕೂತಿದ್ದರು. ಅವರನ್ನು ಯಾರೂ ಏನೂ ಕೇಳಲಿಲ್ಲ. ಮನೆಗೆ ಬರುವಾಗ ಅವ್ವ ಅಂದಳು: "ಅಲ್ಲ ಕಣ್ಮಗ, ಆವಯ್ಯ ಬಾಗ್ಲಾಕ್ಕಂಡು ಬಡ್ದು ಬಡ್ದು ಸತ್ತ. ಆ ಎಣ್ಣು ಎಲ್ಲಿಗೋಯ್ತು?"

ನನಗೆ ಉತ್ತರ ತೋಚಲಿಲ್ಲ. ಸಿನಿಮಾ ತೆಗೆದವರಿಗೂ ಆ ಪ್ರಶ್ನೆ ಬೇಕಾಗಿರಲಿಲ್ಲ.

ಶಿವರಾಮ ಕಾರಂತರ 1933ರ ಕಾದಂಬರಿಯನ್ನು ಬಿ.ವಿ. ಕಾರಂತರು 1975ರಲ್ಲಿ ಸಿನಿಮಾ ಮಾಡಿದರು. ಸ್ವರ್ಣಕಮಲ ಬಂತು. ಚೋಮನಾದ ಎಂ.ವಿ. ವಾಸುದೇವರಾವ್ ಅವರಿಗೆ ಶ್ರೇಷ್ಠ ನಟನೆಂದು ರಾಷ್ಟ್ರಪ್ರಶಸ್ತಿ ಬಂತು. ಬರಬೇಕಾದದ್ದೇ. ಹೊಲೆಯನೊಬ್ಬ ಉಳಲು ಒಂದು ತುಂಡು ನೆಲ ಕೇಳಿದರೆ ಊರೇ ನಡುಗುತ್ತದೆ ಎಂಬುದನ್ನು ಹಾಗೆ ತೋರಿಸಿದ ಇನ್ನೊಂದು ಕನ್ನಡ ಸಿನಿಮಾ ಅಷ್ಟು ಬೇಗ ನೆನಪಿಗೆ ಬರುವುದಿಲ್ಲ. ಅದರ ಮೇಲೆ ನನ್ನ ತಕರಾರಿಲ್ಲ. ತಕರಾರು ಇರುವುದು ಅದರ ಲೆಕ್ಕದ ಮೇಲೆ. ಚೋಮನ ಸಾಲ ಇರುವುದು ಕಾಫಿ ತೋಟದಲ್ಲಿ. ಅದನ್ನು ತೀರಿಸಲು ಗಂಡುಮಕ್ಕಳು ಹೋದರು. ಒಬ್ಬ ಜ್ವರ ಹತ್ತಿ ಸತ್ತ, ಇನ್ನೊಬ್ಬ ಕಿರಿಸ್ತಾನರ ಹುಡುಗಿಯನ್ನು ಕಟ್ಟಿಕೊಂಡು ಜಾತಿ ಬಿಟ್ಟ. ಸಾಲ ಹಾಗೇ ಉಳಿಯಿತು. ಆಮೇಲೆ ಬೆಳ್ಳಿ ಹೋದಳು. ರೈಟರು ಮನ್ವೇಲ ಅವಳ ಮೈ ತಗೊಂಡ, ತೋಟದ ಧಣಿಯೂ ತಗೊಂಡ, ಸಾಲ ವಜಾ ಆಯಿತು. ಅಂದರೆ ಚೋಮನ ಮನೆಯಲ್ಲಿ ಸಾಲ ತೀರಿಸಿದ್ದು ಬೆಳ್ಳಿ ಒಬ್ಬಳೇ. ಕೊನೆಗೆ ಅಪ್ಪನ ಏಟು ಬಿದ್ದದ್ದೂ ಅವಳಿಗೇ. ಅವಳನ್ನು ಹೊಡೆದು ಆಚೆಗೆ ಅಟ್ಟಿದ ಮೇಲೆ ಕ್ಯಾಮರಾ ಚೋಮನ ಬೆನ್ನು ಹತ್ತುತ್ತದೆ: ಅವನ ಎತ್ತು, ಅವನ ಮುಚ್ಚಿದ ಬಾಗಿಲು, ಅವನ ದುಡಿ. ಬೆಳ್ಳಿಯ ಮೈಮೇಲೆ ನಡೆದದ್ದು ಚೋಮನ ಎದೆಯ ನೋವಾಗಿ ಮಾತ್ರ ನಮಗೆ ತಲುಪುತ್ತದೆ. ಅವಳ ನೋವಿಗೂ ವಾರಸುದಾರ ಅಪ್ಪನೇ.

ಅದೇ 1975ರಲ್ಲಿ ಇಂಗ್ಲೆಂಡಿನ 'ಸ್ಕ್ರೀನ್' ಪತ್ರಿಕೆಯಲ್ಲಿ ಲಾರಾ ಮಲ್ವಿ ಎಂಬ ಹೆಣ್ಣುಮಗಳು ಸಿನಿಮಾದ ನೋಟದ ಬಗ್ಗೆ ಒಂದು ಲೇಖನ ಬರೆದಳು. ಸಿನಿಮಾದಲ್ಲಿ ನೋಡುವವನು ಗಂಡು, ನೋಡಿಸಿಕೊಳ್ಳುವವಳು ಹೆಣ್ಣು. ಕ್ಯಾಮರಾ, ಕಥಾನಾಯಕ, ಪ್ರೇಕ್ಷಕ ಮೂವರ ಕಣ್ಣೂ ಒಂದಾಗಿ ಅವಳ ಮೇಲೆ ಬೀಳುತ್ತವೆ. ಕಥೆಯನ್ನು ಮುಂದಕ್ಕೆ ನಡೆಸುವವನು ಗಂಡು, ಅವಳು ಬಂದು ನಿಂತರೆ ಕಥೆಯೇ ನಿಂತು ಅವಳನ್ನು ನೋಡುತ್ತದೆ. ಇದು ಅವಳ ಮಾತಿನ ಸಾರ. ಸ್ತ್ರೀವಾದಿಗಳು ಇದನ್ನು ಗಂಡುನೋಟ ಎಂದರು. ನಮ್ಮ ಸಿನಿಮಾಗಳ ಕ್ಯಾಬರೆ ಕುಣಿತಕ್ಕೆ, ಮಳೆಯಲ್ಲಿ ನೆನೆಯುವ ನಾಯಕಿಗೆ, ಸೋಪಿನ ಜಾಹೀರಾತಿಗೆ ಈ ಅಳತೆ ಸರಿಯಾಗಿಯೇ ಕೂರುತ್ತದೆ. ಆ ಬಗ್ಗೆ ಬಹಳ ಜನ ಬರೆದಿದ್ದಾರೆ, ನಾನು ಮತ್ತೆ ಬರೆಯಬೇಕಾಗಿಲ್ಲ.

ಆದರೆ ಬೆಳ್ಳಿಗೆ ಈ ಅಳತೆ ಸಾಲುವುದಿಲ್ಲ. ನಾನು ಓದಿದ ಮಟ್ಟಿಗೆ, 'ಶರಪಂಜರ'ದ ಕಾವೇರಿಯ ಬಗ್ಗೆ ಮರುಗಿದ ಪೆನ್ನುಗಳು ಬೆಳ್ಳಿಯ ಹತ್ತಿರ ಬರುವಾಗ ಮಸಿ ಮುಗಿದಂತೆ ಸುಮ್ಮನಾಗಿವೆ. ಮೇಲುಜಾತಿಯ ಮಧ್ಯಮವರ್ಗದ ಹೆಣ್ಣನ್ನು ಮನೆಯೊಳಗೆ ಕೂಡಿಹಾಕಿದ ವ್ಯವಸ್ಥೆಯೇ ನಮ್ಮ ಹೆಂಗಸರನ್ನು ಬೀದಿಗೆ, ಗದ್ದೆಗೆ, ತೋಟಕ್ಕೆ ಎಳೆದು ನಿಲ್ಲಿಸಿತು. ಒಬ್ಬಳ ಮುಖ ಪರರು ನೋಡಬಾರದು, ಇನ್ನೊಬ್ಬಳ ಮೈಯನ್ನು ಯಾರು ಬೇಕಾದರೂ ನೋಡಬಹುದು. ಇಬ್ಬರೂ ಹೆಣ್ಣೇ ಅಂತ ಒಂದೇ ತಕ್ಕಡಿಗೆ ಹಾಕಿದರೆ ತೂಕ ತಪ್ಪುತ್ತದೆ.

ಅಮೆರಿಕದ ಕರಿಯ ಲೇಖಕಿ ಬೆಲ್ ಹುಕ್ಸ್ 1992ರಲ್ಲಿ ಈ ತಪ್ಪನ್ನು ಎತ್ತಿ ತೋರಿಸಿದಳು. ಗುಲಾಮರು ಧಣಿಯ ಕಡೆ ಕಣ್ಣೆತ್ತಿ ನೋಡಿದ್ದಕ್ಕೂ ಶಿಕ್ಷೆ ಇದ್ದ ದೇಶ ಅದು. ಅಲ್ಲಿ ನೋಡುವುದೇ ಒಂದು ಹಕ್ಕಿನ ಪ್ರಶ್ನೆ ಎಂದಳು. ಪರದೆಯ ಮೇಲಿನ ಬಿಳಿಯ ಹೆಣ್ಣು ತಾನಲ್ಲ, ನೋಡುವ ಗಂಡೂ ತಾನಲ್ಲ. ಹಾಗಾದರೆ ಕತ್ತಲಲ್ಲಿ ಕೂತ ಕರಿಯ ಹೆಂಗಸು ಏನನ್ನು ನೋಡುತ್ತಾಳೆ? ಇದನ್ನು ಓದಿದಾಗ ನನಗೆ ಗೋಡೆಗೆ ಒರಗಿ ಕೂತ ಅವ್ವನ ನೆನಪಾಯಿತು. ಅವಳು ಚೋಮನ ಸಂಗಡ ಅಳಲಿಲ್ಲ. ಸಿನಿಮಾ ಕೈಬಿಟ್ಟವಳನ್ನು ಹುಡುಕುತ್ತಾ ಕೂತಿದ್ದಳು.

ಪರದೆಯ ಮೇಲೆ ಯಾರು ಯಾರಾಗಬಹುದು ಎಂಬುದಕ್ಕೂ ಜಾತಿಯ ಕಟ್ಟುಪಾಡಿದೆ. ಮಲಯಾಳದ ಮೊದಲ ನಾಯಕಿ ಪಿ.ಕೆ. ರೋಸಿ ಪುಲಯರ ಹೆಣ್ಣು. 1920ರ ದಶಕದ ಕೊನೆಯಲ್ಲಿ ಜೆ.ಸಿ. ಡೇನಿಯಲ್ ತೆಗೆದ 'ವಿಗತಕುಮಾರನ್' ಮೂಕಿ ಚಿತ್ರದಲ್ಲಿ ಅವಳು ನಾಯರ್ ಹೆಣ್ಣಿನ ಪಾತ್ರ ಮಾಡಿದಳು. ತಿರುವನಂತಪುರದಲ್ಲಿ ಮೇಲುಜಾತಿಯ ಜನ ಪರದೆಗೆ ಕಲ್ಲು ತೂರಿದರು. ರೋಸಿ ಊರು ಬಿಟ್ಟು ತಮಿಳುನಾಡಿಗೆ ಓಡಿ, ಹೆಸರು ಬದಲಿಸಿ ಬಾಳಿದಳು. ಆ ಸಿನಿಮಾದ ಪ್ರತಿಯೂ ಈಗ ಇಲ್ಲ. ಮೇಲುಜಾತಿಯ ನಟಿಯರು ಮುಖಕ್ಕೆ ಕಪ್ಪು ಬಳಿದುಕೊಂಡು ಕೇರಿಯ ಹೆಣ್ಣಾದಾಗ ಮಾತ್ರ ಯಾರೂ ಕಲ್ಲು ತೂರಲಿಲ್ಲ. ಅದಕ್ಕೆ ಸಹಜಾಭಿನಯ ಅಂತ ಹೆಸರು!

ಇನ್ನು 1986. ಸೊರಬ ತಾಲ್ಲೂಕಿನ ಚಂದ್ರಗುತ್ತಿಯಲ್ಲಿ ವರದಾ ನದಿಯಲ್ಲಿ ಮಿಂದು ಬೆತ್ತಲೆಯಾಗಿ ರೇಣುಕಾಂಬೆಯ ಗುಡ್ಡ ಹತ್ತುವ ಹರಕೆ ಇತ್ತು. ಹತ್ತುತ್ತಿದ್ದವರಲ್ಲಿ ಹೆಚ್ಚಿನವರು ನಮ್ಮವರು, ಹಿಂದುಳಿದವರು. ಆ ವರ್ಷದ ಮಾರ್ಚ್‌ನಲ್ಲಿ ತಡೆಯಲು ಹೋದ ದಲಿತ ಸಂಘರ್ಷ ಸಮಿತಿಯವರನ್ನು ಹೊಡೆದರು, ಪೊಲೀಸರನ್ನೂ, ಹೆಣ್ಣು ಪೊಲೀಸರನ್ನೂ ಬಿಡದೆ, ಬಟ್ಟೆ ಕಿತ್ತು ಮೆರವಣಿಗೆ ಮಾಡಿದರು. ಆಮೇಲೆ ಸರ್ಕಾರ ಆ ಸೇವೆಯನ್ನು ನಿಷೇಧಿಸಿತು. ಅಲ್ಲಿಗೆ ಭಕ್ತರ ಜತೆ ನೋಡುವವರೂ ಬರುತ್ತಿದ್ದರು, ಕ್ಯಾಮರಾದವರೂ ಬರುತ್ತಿದ್ದರು. ಫೋಟೋದಲ್ಲಿ ಬಂದ ಹೆಂಗಸಿನ ಹೆಸರೇನು, ಯಾವ ಕಾಯಿಲೆಗೆ, ಯಾವ ಮಗುವಿಗೆ ಹರಕೆ ಹೊತ್ತಿದ್ದಳು ಎಂಬುದು ಯಾರಿಗೆ ಬೇಕಿತ್ತು? ಮಹಿಳೆಯರ ಅಸಭ್ಯ ಚಿತ್ರಣವನ್ನು ತಡೆಯುವ ಕಾಯಿದೆಯನ್ನು ಪಾರ್ಲಿಮೆಂಟು ಮಾಡಿದ್ದೂ ಅದೇ 1986ರಲ್ಲಿ. ಹೆಣ್ಣಿನ ಆಕಾರವನ್ನು ಅಸಭ್ಯವಾಗಿ ತೋರಿಸಿದರೆ ತಪ್ಪು ಎನ್ನುತ್ತದೆ ಆ ಕಾಯಿದೆ. ಸರಿ. ಅವಳ ಬಾಯನ್ನೇ ಕತ್ತರಿಸಿ ಬರೀ ಮೈಯನ್ನು ಅಚ್ಚು ಹಾಕಿದರೆ? ಅದು ಯಾವ ಕಲಮಿಗೂ ಸಿಗುವುದಿಲ್ಲ.

ಇಲ್ಲಿಗೆ ನಿಲ್ಲಿಸಿದರೆ ನಾನು ಅರ್ಧ ಹೇಳಿದಂತೆ. ಬೈಯಲು ಕಾರಂತರಿದ್ದಾರೆ, ಪತ್ರಿಕೆಯವರಿದ್ದಾರೆ. ನಾವೇನು ಮಾಡಿದೆವು? ಚಂದ್ರಗುತ್ತಿ ಆದಮೇಲೆ ನಾವೂ ವೇದಿಕೆ ಹತ್ತಿ ನಮ್ಮ ಅಕ್ಕತಂಗಿಯರ ಮಾನ ಹೋಯಿತು ಎಂದು ಕೂಗಿದೆವು. ಮಾನ ಅವರದು, ರೋಷ ಮಾತ್ರ ನಮ್ಮದು. ನಮ್ಮ ಪದ್ಯಗಳನ್ನು ತೆಗೆದು ನೋಡಿ. ಅವ್ವ ಬರುತ್ತಾಳೆ, ಹರಿದ ಸೀರೆಯಲ್ಲಿ, ಬತ್ತಿದ ಎದೆಯಲ್ಲಿ, ಗೌಡನ ಕೊಟ್ಟಿಗೆಯಲ್ಲಿ. ಮಗ ಸಿಡಿದು ನಿಲ್ಲುವುದಕ್ಕೆ ಅವಳು ಬೀಳಬೇಕು. ನಾನೂ ಅಂಥ ನಾಲ್ಕು ಪದ್ಯ ಬರೆದು ಚಪ್ಪಾಳೆ ಗಿಟ್ಟಿಸಿದ್ದೇನೆ. ಒಂದರಲ್ಲೂ ಅವಳು ಬಾಯಿಬಿಟ್ಟು ಮಾತಾಡಿಲ್ಲ. ಚೋಮ ದುಡಿ ಬಡಿದದ್ದಕ್ಕೂ ನಾವು ಪದ್ಯ ಬಡಿದದ್ದಕ್ಕೂ ಏನು ವ್ಯತ್ಯಾಸ? 1995ರಲ್ಲಿ ಗೋಪಾಲ ಗುರು, ದಲಿತ ಹೆಂಗಸರ ಮಾತೇ ಬೇರೆ, ಅದನ್ನು ಅವರೇ ಆಡಬೇಕಾಗಿದೆ ಎಂದು ಬರೆದಾಗ ಬೆರಳು ತೋರಿಸಿದ್ದು ಮೇಲುಜಾತಿಯ ಸ್ತ್ರೀವಾದಿಗಳ ಕಡೆಗೆ ಮಾತ್ರ ಅಲ್ಲ, ನಮ್ಮೊಳಗಿನ ಗಂಡಾಳಿಕೆಯ ಕಡೆಗೂ. ಆಗ ನಮ್ಮಲ್ಲಿ ಕೆಲವರು, ಇದು ಚಳವಳಿ ಒಡೆಯುವ ಮಾತು ಎಂದು ಮುನಿಸಿಕೊಂಡರು. ಅವರಲ್ಲಿ ನಾನೂ ಒಬ್ಬ.

ದೇವನೂರ ಮಹಾದೇವ ಗಂಡಸೇ. ಆದರೂ 'ಒಡಲಾಳ'ದ ಸಾಕವ್ವ ಯಾರ ರೋಷಕ್ಕೂ ಸೌದೆಯಾಗುವುದಿಲ್ಲ. ಅವಳಿಗೆ ಕಳೆದುಹೋದ ಹುಂಜ ಬೇಕು, ಅದಕ್ಕಾಗಿ ಊರೆಲ್ಲ ಬೈದುಕೊಂಡು ಅಲೆಯುತ್ತಾಳೆ. ಮಕ್ಕಳು ಸೊಸೆಯರ ಜತೆ ಜಗಳ ಕಾಯುತ್ತಾಳೆ. ಕದ್ದು ತಂದ ಕಡಲೆಕಾಯಿಯನ್ನು ಮನೆಮಂದಿಯೆಲ್ಲ ಕೂತು ಸುಲಿದು ತಿನ್ನುವ ಆ ರಾತ್ರಿಯಲ್ಲಿ ಬಡತನ ಇದೆ, ಕರುಣೆ ಬೇಡುವುದು ಇಲ್ಲ. ರಂಗದ ಮೇಲೆ ಸಾಕವ್ವನಾದವರು ಉಮಾಶ್ರೀ. ಸಿನಿಮಾದವರು ಆ ನಟಿಗೆ ಬಹಳ ಕಾಲ ಕೊಟ್ಟದ್ದು ಎರಡರ್ಥದ ಹಾಸ್ಯ. ಅದೇ ಮೈ, ಅದೇ ದನಿ. ಒಂದು ಕಡೆ ಜನ ಅವರನ್ನು ನೋಡಿ ನಕ್ಕರು, ಇನ್ನೊಂದು ಕಡೆ ಅವರ ಜತೆ ನಕ್ಕರು.

ಅವ್ವನಿಗೆ ಓದು ಬರುತ್ತಿರಲಿಲ್ಲ. ಒಂದು ಮಳೆಗಾಲದಲ್ಲಿ ನಾನೇ 'ಒಡಲಾಳ'ವನ್ನು ಗಟ್ಟಿಯಾಗಿ ಓದಿ ಹೇಳಿದೆ. ಸಾಕವ್ವ ಬೈಯುವ ಕಡೆಯೆಲ್ಲ ನಕ್ಕಳು, ಎರಡು ಬೈಗುಳ ತಾನೂ ಸೇರಿಸಿದಳು. ಕಡಲೆಕಾಯಿ ತಿನ್ನುವ ಕಡೆ, "ಸಿಪ್ಪೇನ ಏನ್ಮಾಡುದ್ರಂತೆ, ಅದ್ಕೇಳು" ಅಂತ ಅವಸರಿಸಿದಳು. ಓದಿ ಮುಗಿದ ಮೇಲೆ ಒಂದಷ್ಟು ಹೊತ್ತು ಸುಮ್ಮನಿದ್ದು, ಒಲೆಗೆ ಸೌದೆ ನೂಕುತ್ತಾ ಕೇಳಿದಳು:

"ಬೆಳ್ಳಿ ಸುದ್ದಿ ಏನಾರ ಬರ್ದವ್ರಾ ಇದ್ರಲ್ಲಿ?"